ಹೇಳಿಕೆಯ ಜತೆ ಕಾಮಗಾರಿ ಪಟ್ಟಿಯನ್ನೂ ಓದಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮತದಾರರಿಗೆ ಒಂದು ಕಿವಿಮಾತು. ಶಾಸಕರ ಹೇಳಿಕೆ ಕಂಡಾಗ ಹೊಗಳುವ, ತೆಗಳುವ ಮೊದಲು ಆ ಕೆಲಸ ಯಾರ ಕೈಯಲ್ಲಿದೆ ಎಂದು ನೋಡಿ. ಬೆಳ್ತಂಗಡಿ ದಾಟಿ ಚಾರ್ಮಾಡಿ ಘಾಟಿ ಏರುವ 73ನೇ ರಾಷ್ಟ್ರೀಯ ಹೆದ್ದಾರಿ, ಮೂಡುಬಿದಿರೆಯ ಮೂಲಕ ಕಾರ್ಕಳಕ್ಕೆ ಹೋಗುವ 169ನೇ ಹೆದ್ದಾರಿ ಎರಡೂ ಕೇಂದ್ರದ ಹೊಣೆ. ಅಲ್ಲಿ ಶಾಸಕರು ಒತ್ತಾಯಿಸಬಹುದು, ಮಂಜೂರು ಮಾಡಲಾರರು. ಆದರೆ ಮಳೆಗಾಲದಲ್ಲಿ ಮಕ್ಕಳು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಳ್ಳಿಯ ಹಗ್ಗ ಹಿಡಿದು ದಾಟುವ ಅಡಿಕೆ ಮರದ ಕಾಲುಸಂಕ ಇದೆಯಲ್ಲ, ಅದರ ಜಾಗದಲ್ಲಿ ಗಟ್ಟಿ ಸಂಕ ಕಟ್ಟಿಸುವುದು ಅವರ ಅಳವಿನದೇ. ವರ್ಷಕ್ಕೆ 2 ಕೋಟಿ ರೂಪಾಯಿಯ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಇರುವುದು ಇಂಥ ಕೆಲಸಗಳಿಗೇ. ನಿಜವಾದ ಆದ್ಯತೆ ಆ ನಿಧಿಯ ಕಾಮಗಾರಿ ಪಟ್ಟಿಯಲ್ಲಿ ಕಾಣುತ್ತದೆ.

ವಿರೋಧ ಪಕ್ಷದ ಶಾಸಕರಿಗೆ ಸರಕಾರ ಅನುದಾನ ಕೊಡದಿದ್ದರೆ ಅವರೇನು ಮಾಡಿಯಾರು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಬಂಟ್ವಾಳದ ರಾಜೇಶ್ ನಾಯ್ಕ್, ಬೆಳ್ತಂಗಡಿಯ ಹರೀಶ್ ಪೂಂಜ, ಮೂಡುಬಿದಿರೆಯ ಉಮಾನಾಥ ಕೋಟ್ಯಾನ್ ಮೂವರೂ 2018ರಲ್ಲೂ 2023ರಲ್ಲೂ ಗೆದ್ದವರು. ಅವರ ಪಕ್ಷವಾದ ಬಿಜೆಪಿ 2019ರಿಂದ 2023ರವರೆಗೆ ಅಧಿಕಾರದಲ್ಲಿತ್ತು, ಆಮೇಲೆ ವಿರೋಧ ಪಕ್ಷವಾಯಿತು. ಹಾಗಾಗಿ ಎರಡೂ ಅವಧಿಯ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅನುದಾನದ ಕೊರತೆ ಎಷ್ಟು, ಆಯ್ಕೆ ಎಷ್ಟು ಎಂಬುದು ಬೇರೆಯಾಗಿ ಕಾಣುತ್ತದೆ. ಅನುದಾನ ಸಿಗದಾಗಲೂ ಸದನದಲ್ಲಿ ಪ್ರಶ್ನೆ ಕೇಳುವ ಹಕ್ಕು ಶಾಸಕರಿಗೆ ಇದ್ದೇ ಇದೆ, ಮಂತ್ರಿಗಳ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ. ಪಟ್ಟಿ ಬೇಕಿದ್ದವರು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಲೇಬೇಕು.