ಗಡಸು ನೀರು ಮತ್ತು ಅದನ್ನು ಮೆದುಗೊಳಿಸುವ ಯಂತ್ರ

ನೀರಿನ ಗುಣವನ್ನು ನಮ್ಮ ಅಡಿಗೆಮನೆಯ ಹೆಂಗಸರು ರಸಾಯನಶಾಸ್ತ್ರಜ್ಞರಿಗಿಂತ ಬಹು ಮುಂಚೆಯೇ ಬಲ್ಲವರಾಗಿದ್ದರು. ಹಳ್ಳಿಗಳಲ್ಲಿ ಒಂದು ಬಾವಿಯ ನೀರು ಅಡಿಗೆಗೆ, ಮತ್ತೊಂದರದು ದನಕರುಗಳಿಗೆ ಮತ್ತು ಪಾತ್ರೆ ಬೆಳಗುವುದಕ್ಕೆ ಎಂದು ಗೊತ್ತುಮಾಡಿಕೊಂಡಿರುತ್ತಿದ್ದರು. "ಈ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ" ಎಂದು ನಮ್ಮ ಅಜ್ಜಿ ಹೇಳುತ್ತಿದ್ದುದನ್ನು ನಾನು ಮೂಢನಂಬಿಕೆಯೆಂದು ತಿಳಿದಿದ್ದೆ. ಮೂಢತನ ನನ್ನದೇ ಆಗಿತ್ತು. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವಿನೊಡನೆ ನೀರಿನ ಕ್ಯಾಲ್ಸಿಯಂ ಕೂಡಿಕೊಂಡು ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಎಷ್ಟು ಉರಿ ಹಾಕಿದರೂ ಬೇಳೆ ಕಾಳುಕಾಳಾಗಿಯೇ ಉಳಿಯುವುದು ಆದಕಾರಣದಿಂದ.

ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರೇ ಗಡಸು ನೀರು. ಇದರಲ್ಲಿ ಎರಡು ಬಗೆಯುಂಟು. ಬೈಕಾರ್ಬೊನೇಟುಗಳಿಂದ ಆದ ಗಡಸುತನ ಕುದಿಸಿದರೆ ಹೋಗುತ್ತದೆ. ಹಂಡೆಯ ಒಳಮೈಗೂ ಗೀಸರಿನ ಸುರುಳಿಗೂ ಬೆಳ್ಳಗೆ ಕಚ್ಚಿಕೊಳ್ಳುವ ಪದರ ಅದೇ. ಸಲ್ಫೇಟು, ಕ್ಲೋರೈಡುಗಳಿಂದ ಆದದ್ದು ಕುದಿಸಿದರೂ ಹೋಗದು. ಸಾಬೂನಿನೊಡನೆ ಎರಡೂ ಒಂದೇ ರೀತಿ ವರ್ತಿಸುತ್ತವೆ: ನೊರೆ ಬರುವುದಕ್ಕೆ ಮೊದಲು ಕರಗದ ಜಿಡ್ಡು ಕಟ್ಟುತ್ತದೆ. ಮಳೆಯ ನೀರಿನಲ್ಲಿ ಈ ತೊಂದರೆಯೇ ಇಲ್ಲ.

ನಾವು ಪಟ್ಟಣದ ಹೊರಬಡಾವಣೆಯೊಂದಕ್ಕೆ ಬಂದ ಮೇಲೆ ಕೊಳವೆಬಾವಿಯ ನೀರೇ ಗತಿಯಾಯಿತು. ಮೊದಲ ತಿಂಗಳಿನಲ್ಲಿಯೇ ಮಾರಾಟಗಾರನೊಬ್ಬ ಬಾಗಿಲಿಗೆ ಬಂದು, ನಮ್ಮ ನೀರಿನ ಲೋಟದಲ್ಲಿ ಎರಡು ಲೋಹದ ಕಡ್ಡಿಗಳನ್ನಿಳಿಸಿ ವಿದ್ಯುತ್ತು ಹಾಯಿಸಿದನು. ನೀರು ಕಂದುಬಣ್ಣಕ್ಕೆ ತಿರುಗಿ ಕೆಸರಾಯಿತು. "ನೋಡಿ ಸ್ವಾಮಿ, ದಿನವೂ ಇದನ್ನೇ ಬಳಸುತ್ತಿದ್ದೀರಿ" ಎಂದನು. ತಂದೆಯವರು ಹೆದರಿ ಅಂದೇ ಮುಂಗಡ ಕೊಟ್ಟುಬಿಟ್ಟರು. ಆ ಕೆಸರು ಕಬ್ಬಿಣದ ಕಡ್ಡಿಯೇ ಸವೆದು ಬಂದದ್ದು. ನೀರಿನಲ್ಲಿ ಲವಣವಿದ್ದರೆ ವಿದ್ಯುತ್ತು ಚೆನ್ನಾಗಿ ಹರಿದು ಕಡ್ಡಿ ಬೇಗ ಸವೆಯುತ್ತದೆ. ಅದು ಗಡಸುತನದ ಪರೀಕ್ಷೆಯೇ ಅಲ್ಲ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಇದು ನನಗೆ ತಿಳಿದದ್ದು ಹಣ ಹೋದ ಮೇಲೆ.

ನಿಜವಾದ ಪರೀಕ್ಷೆ ಕಷ್ಟವಾದುದೇನಲ್ಲ. ವಿಜ್ಞಾನ ಕಾಲೇಜಿನಲ್ಲಿ ಓದುವ ಗೆಳೆಯನೊಬ್ಬ ತನ್ನ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದನು. ೫೦ ಮಿಲಿಲೀಟರ್ ನೀರಿಗೆ ಅಮೋನಿಯದ ಬಫರ್ ದ್ರಾವಣವನ್ನೂ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನೂ ಹಾಕಿದರೆ ನೀರು ದ್ರಾಕ್ಷಾರಸದಂತೆ ಕೆಂಪಾಗುತ್ತದೆ. ಅದಕ್ಕೆ ೦.೦೧ ಮೋಲಾರ್ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಕೆಂಪು ಪೂರ್ತಿ ನೀಲಿಯಾದಾಗ ಎಷ್ಟು ಮಿಲಿಲೀಟರ್ ಇಳಿಯಿತೋ ಅದನ್ನು ೨೦ರಿಂದ ಗುಣಿಸಿದರೆ ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಗಡಸುತನ ಎಂಬುದು ಬರುತ್ತದೆ. ಇದನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳುವುದು ವಾಡಿಕೆ. ನಮ್ಮ ನೀರಿಗೆ ೨೬ ಮಿಲಿಲೀಟರ್ ಇಳಿಯಿತು, ಅಂದರೆ ೫೨೦. ಕುಡಿಯುವ ನೀರಿಗೆ ಭಾರತೀಯ ಮಾನಕ ೨೦೧೨ರಲ್ಲಿ ವಿಧಿಸಿರುವ ಮಿತಿ ೨೦೦. ಬೇರೆ ನೀರು ಸಿಗದ ಪಕ್ಷದಲ್ಲಿ ೬೦೦ರವರೆಗೆ ಒಪ್ಪಬಹುದೆಂದಿದೆ. ನಮ್ಮದು ಬಳಸಬಾರದ ನೀರೇನೂ ಆಗಿರಲಿಲ್ಲ. ಆದರೆ ಸಾಬೂನು, ಗೀಸರು, ಅಮ್ಮನ ತಾಳ್ಮೆ ಈ ಮೂರನ್ನೂ ಅದು ತಿನ್ನುತ್ತಿತ್ತು.

ಇನ್ನು ಯಂತ್ರದ ವಿಚಾರ. ಇದರ ಮೂಲ ಕಾರ್ಖಾನೆಯಲ್ಲಿಲ್ಲ, ಹೊಲದಲ್ಲಿದೆ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ೧೮೫೦ರ ಸುಮಾರಿಗೆ ಇಂಗ್ಲೆಂಡಿನ ಥಾಂಪ್ಸನ್ ಮತ್ತು ವೇ ಎಂಬ ಇಬ್ಬರು, ಹೊಲಕ್ಕೆ ಹಾಕಿದ ಅಮೋನಿಯ ಗೊಬ್ಬರ ಮಳೆಗೆ ಕೊಚ್ಚಿಹೋಗದೆ ಏಕೆ ನಿಲ್ಲುತ್ತದೆಂದು ಪರೀಕ್ಷಿಸಿದರು. ಅಮೋನಿಯಂ ಸಲ್ಫೇಟಿನ ನೀರನ್ನು ಮಣ್ಣಿನ ಮೂಲಕ ಸುರಿದರೆ ಕೆಳಗೆ ಬಂದದ್ದು ಕ್ಯಾಲ್ಸಿಯಂ ಸಲ್ಫೇಟು. ಮಣ್ಣು ಅಮೋನಿಯವನ್ನು ಹಿಡಿದುಕೊಂಡು ಅದರ ಬದಲಿಗೆ ತನ್ನಲ್ಲಿದ್ದ ಕ್ಯಾಲ್ಸಿಯಮನ್ನು ಬಿಟ್ಟುಕೊಟ್ಟಿತ್ತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಗಾನ್ಸ್ ಎಂಬಾತ ಇದೇ ತತ್ತ್ವದಿಂದ ನೀರನ್ನು ಮೆದುಗೊಳಿಸುವ ಕೃತಕ ಖನಿಜಗಳನ್ನು ತಯಾರಿಸಿದನು. ೧೯೩೫ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಎಂಬವರು ಕೃತಕ ರಾಳವೂ ಈ ಕೆಲಸ ಮಾಡಬಲ್ಲುದೆಂದು ತೋರಿಸಿದರು. ಇಂದಿನ ಯಂತ್ರದ ಹೊಟ್ಟೆಯೊಳಗೆ ಇರುವುದು ಅಂಥ ರಾಳದ ಜೇನುಬಣ್ಣದ ಮಣಿಗಳು, ರಾಗಿಕಾಳಿಗಿಂತ ಸಣ್ಣವು. ಪ್ರತಿ ಮಣಿಯೂ ಸೋಡಿಯಮನ್ನು ಹೊತ್ತಿರುತ್ತದೆ. ಗಡಸು ನೀರು ಹಾದುಹೋಗುವಾಗ ಒಂದು ಕ್ಯಾಲ್ಸಿಯಮನ್ನು ಹಿಡಿದು ಎರಡು ಸೋಡಿಯಮನ್ನು ಬಿಡುತ್ತದೆ. ಸೋಡಿಯಂ ಮುಗಿದಾಗ ಗಟ್ಟಿ ಉಪ್ಪುನೀರನ್ನು ಹಾಯಿಸಿದರೆ ವ್ಯಾಪಾರ ತಿರುಗುಮುರುಗಾಗಿ ಮಣಿಗಳು ಮೊದಲಿನಂತಾಗುತ್ತವೆ.

ಇದು ಕೊಡುಕೊಳ್ಳುವ ವ್ಯವಹಾರವೇ ಹೊರತು ಶುದ್ಧೀಕರಣವಲ್ಲ. ನೀರಿನಲ್ಲಿ ಕರಗಿದ ಲವಣದ ಒಟ್ಟು ಮೊತ್ತ ಇದರಿಂದ ಕಡಿಮೆಯಾಗುವುದಿಲ್ಲ. ಆದುದರಿಂದ ಟಿಡಿಎಸ್ ಮಾಪಕ ಹಿಡಿದು ಸಾಫ್ಟ್‌ನರನ್ನು ಹೊಗಳುವವನನ್ನೂ ತೆಗಳುವವನನ್ನೂ ನಂಬಬೇಕಾಗಿಲ್ಲ. ಕೋಲಾರದ ಕಡೆಯ ಆಳದ ಕೊಳವೆಬಾವಿಗಳಲ್ಲಿ ಕಾಣುವ ಫ್ಲೋರೈಡು ಇದರಿಂದ ಹೋಗುವುದಿಲ್ಲ. ಕೊಳವೆಗೆ ಅಯಸ್ಕಾಂತ ಕಟ್ಟುವ ಉಪಾಯವೂ ಮಾರುಕಟ್ಟೆಯಲ್ಲುಂಟು. ಅಯಸ್ಕಾಂತ ದಾಟಿ ಬಂದ ನೀರಿನಲ್ಲಿ ಕ್ಯಾಲ್ಸಿಯಂ ಇದ್ದಷ್ಟೇ ಇರುತ್ತದೆ.

ಕೊಳ್ಳುವವರು ಮಾಡತಕ್ಕ ಲೆಕ್ಕ ಹೀಗಿದೆ. ಒಬ್ಬರಿಗೆ ದಿನಕ್ಕೆ ೧೩೫ ಲೀಟರಿನಂತೆ ನಾಲ್ವರಿಗೆ ೫೪೦ ಲೀಟರ್. ೫೨೦ರ ಗಡಸುತನವಾದರೆ ದಿನಕ್ಕೆ ತೆಗೆಯಬೇಕಾದದ್ದು ಸುಮಾರು ೨೮೦ ಗ್ರಾಂ. ಒಂದು ಲೀಟರ್ ರಾಳ, ೧೨೦ ಗ್ರಾಂ ಉಪ್ಪಿಗೆ, ಸುಮಾರು ೫೦ ಗ್ರಾಮಿನಷ್ಟನ್ನು ಹಿಡಿಯುತ್ತದೆಂದು ಇಟ್ಟುಕೊಳ್ಳಬಹುದು. ನಮಗೆ ಮಾರಿದ ಯಂತ್ರದಲ್ಲಿದ್ದುದು ೧೦ ಲೀಟರ್ ರಾಳ, ಅಂದರೆ ೫೦೦ ಗ್ರಾಂ. ಎರಡು ದಿನಕ್ಕೂ ಸಾಲದು! ವಾರಕ್ಕೊಮ್ಮೆ ಉಪ್ಪು ಹಾಕಿದರೆ ಸಾಕೆಂದು ಹೇಳಿ ಹೋಗಿದ್ದರು. ವಾರದ ಐದು ದಿನ ನಾವು ಹಣ ಕೊಟ್ಟು ಗಡಸು ನೀರಿನಲ್ಲಿಯೇ ಸ್ನಾನ ಮಾಡುತ್ತಿದ್ದೆವು.

ಕೊನೆಗೆ ೨೫ ಲೀಟರ್ ರಾಳದ ಯಂತ್ರವನ್ನು ತರಿಸಬೇಕಾಯಿತು. ಈ ಸಲ ಅಡಿಗೆಮನೆ, ಪಾಯಿಖಾನೆ ಮತ್ತು ಅಂಗಳದ ನಲ್ಲಿಗಳನ್ನು ಬೇರ್ಪಡಿಸಿದೆವು. ಯಂತ್ರದ ಮೂಲಕ ಹೋಗುವುದು ಈಗ ದಿನಕ್ಕೆ ೩೫೦ ಲೀಟರ್ ಮಾತ್ರ. ಆರು ದಿನಕ್ಕೊಮ್ಮೆ ೩ ಕಿಲೋ ಉಪ್ಪು, ತಿಂಗಳಿಗೆ ೧೫ ಕಿಲೋ. ಎಲ್ಲವನ್ನೂ ಹಾಯಿಸಿದ್ದರೆ ೨೨ ಕಿಲೋ ಬೇಕಾಗುತ್ತಿತ್ತು. ಅಡಿಗೆಯ ನಲ್ಲಿಯನ್ನು ಬಿಟ್ಟುದಕ್ಕೆ ಇನ್ನೊಂದು ಕಾರಣವುಂಟು. ಅಜ್ಜಿಗೆ ರಕ್ತದ ಒತ್ತಡ. ೫೨೦ರ ಗಡಸುತನ ತೆಗೆದ ನೀರಿಗೆ ಲೀಟರಿಗೆ ಸುಮಾರು ೨೪೦ ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಉಪ್ಪಿನಕಾಯಿ ಬಿಡಿಸಿ, ನೀರಿನಲ್ಲಿ ಅದನ್ನೇ ಕುಡಿಸುವುದು ಯಾವ ನ್ಯಾಯ? ಬೇಳೆಗೆ ಮಾತ್ರ ಅಮ್ಮ ಮಳೆನೀರಿನ ತೊಟ್ಟಿಯಿಂದ ಒಂದು ಚೆಂಬು ತರುತ್ತಾರೆ.

ನೀರಿನ ಒತ್ತಡವನ್ನೂ ಮೊದಲೇ ನೋಡಿಕೊಳ್ಳಬೇಕು. ಹತ್ತು ಮೀಟರ್ ಎತ್ತರಕ್ಕೆ ಒಂದು ಕಿಲೋ ಒತ್ತಡ ಎಂಬ ಲೆಕ್ಕದಲ್ಲಿ, ಒಂದಂತಸ್ತಿನ ಮನೆಯ ಮೇಲಿನ ತೊಟ್ಟಿಯಿಂದ ಸಿಗುವುದು ಅತ್ಯಲ್ಪ, ಪಂಪು ಬೇಕಾಗಬಹುದು. ತಾನಾಗಿ ಉಪ್ಪು ಹಾಯಿಸಿಕೊಳ್ಳುವ ಯಂತ್ರಗಳಲ್ಲಿ ಗಡಿಯಾರ ನೋಡಿ ನಡೆಯುವುದಕ್ಕಿಂತ ಹರಿದ ನೀರನ್ನು ಅಳೆದು ನಡೆಯುವುದು ಮೇಲು. ಮನೆಯವರು ಊರಿಗೆ ಹೋದಾಗಲೂ ಗಡಿಯಾರದ್ದು ಉಪ್ಪು ನುಂಗುತ್ತಿರುತ್ತದೆ.

ಆರೈಕೆಯಲ್ಲಿ ಕ್ರಮ ಮುಖ್ಯ. ಮೊದಲು ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ಮಣಿಗಳ ನಡುವಣ ಕೆಸರನ್ನು ತೊಳೆಯಬೇಕು. ಅನಂತರ ಶೇಕಡ ಹತ್ತರ ಉಪ್ಪುನೀರು, ಅದೂ ನಿಧಾನವಾಗಿ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ. ಇಲ್ಲಿ ಅವಸರಪಟ್ಟರೆ ಉಪ್ಪು ಮೋರಿಗೆ ಹೋಗುತ್ತದೆ, ಮಣಿ ಹಾಗೆಯೇ ಉಳಿಯುತ್ತದೆ. ಕೊನೆಗೆ ನಾಲಗೆಗೆ ಉಪ್ಪು ಹತ್ತದವರೆಗೆ ತೊಳೆಯಬೇಕು. ಹರಳುಪ್ಪೇ ಒಳ್ಳೆಯದು, ಪುಡಿಯುಪ್ಪು ತೊಟ್ಟಿಯಲ್ಲಿ ಗಟ್ಟಿಯಾಗಿ ಚಪ್ಪಡಿಯಂತೆ ಕಟ್ಟಿಕೊಂಡು, ಮೇಲೆ ಉಪ್ಪು ಕಂಡರೂ ಕೆಳಗೆ ಬರಿಯ ನೀರಿರುತ್ತದೆ. ಕೋಲಿನಿಂದ ಆಗಾಗ್ಗೆ ಚುಚ್ಚಿ ನೋಡುವುದು ಲೇಸು. ಕಬ್ಬಿಣದ ಅಂಶವಿರುವ ನೀರಾದರೆ ಯಂತ್ರಕ್ಕೆ ಮುಂಚೆಯೇ ಅದನ್ನು ಸೋಸಿ ತೆಗೆಯಬೇಕು. ತುಕ್ಕು ಹಿಡಿದ ಮಣಿ ಉಪ್ಪಿಗೆ ಜಗ್ಗದು. ಕ್ಲೋರಿನ್ನೂ ಕಾಲಕ್ರಮದಲ್ಲಿ ಮಣಿಗಳನ್ನು ಸಡಿಲಗೊಳಿಸುತ್ತದೆ. ಸಾಬೂನಿನ ಪರೀಕ್ಷೆ ವಾರಕ್ಕೊಮ್ಮೆ ಸಾಕು: ಸೀಸೆಯಲ್ಲಿ ನೀರು ತುಂಬಿ, ಸಾಬೂನಿನ ದ್ರಾವಣ ನಾಲ್ಕು ಹನಿ ಹಾಕಿ ಕುಲುಕಿದರೆ ನೊರೆ ನಿಲ್ಲಬೇಕು.

ತೊಳೆದು ಹೊರಬರುವ ಉಪ್ಪುನೀರನ್ನು ಎಲ್ಲಿ ಬಿಡಬೇಕೆಂಬುದನ್ನು ನಮಗೆ ಯಾರೂ ಹೇಳಲಿಲ್ಲ. ನಾವು ಹಿತ್ತಲಿಗೆ ಬಿಟ್ಟೆವು. ಕೆಲವೇ ತಿಂಗಳಲ್ಲಿ ಮಣ್ಣು ಬಿಗಿದುಕೊಂಡು, ನೀರು ಇಂಗದೆ ನಿಲ್ಲತೊಡಗಿತು. ದಾಸವಾಳ ಒಣಗಿತು, ಕರಿಬೇವಿನ ಎಲೆಯಂಚು ಸುಟ್ಟಂತಾಯಿತು. ಥಾಂಪ್ಸನ್ ಕಂಡ ವಿನಿಮಯವೇ ಇಲ್ಲಿಯೂ ನಡೆದಿತ್ತು: ಮಣ್ಣು ತನ್ನ ಕ್ಯಾಲ್ಸಿಯಮನ್ನು ಬಿಟ್ಟು ಸೋಡಿಯಮನ್ನು ಹಿಡಿದು ಚೌಳಾಗಿತ್ತು. ಚೌಳು ಭೂಮಿಗೆ ರೈತರು ಹಾಕುವ ಜಿಪ್ಸಮನ್ನೇ ತಂದು ಹರಡಿದೆವು. ಉಪ್ಪುನೀರು ಈಗ ಒಳಚರಂಡಿಗೆ ಹೋಗುತ್ತದೆ; ಮುಂದೆ ಅದು ಯಾವ ಕೆರೆಯನ್ನು ಸೇರುತ್ತದೆಂಬುದು ಬೇರೆ ಪ್ರಶ್ನೆ. ಮಳೆಗಾಲ ಕಳೆದ ಮೇಲೆ ಕರಿಬೇವು ಬುಡದಿಂದ ಚಿಗುರಿತು. ದಾಸವಾಳ ಉಳಿಯಲಿಲ್ಲ.