ಹೊಟ್ಟೆ ತುಂಬ ಊಟ, ಮಿತವಾದ ಕ್ಯಾಲೊರಿ

ಮೈ ಇಳಿಸಬೇಕೆಂದು ನಿಶ್ಚಯಿಸಿದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಒಂದು ಹೊತ್ತಿನ ಆಹಾರವನ್ನು ಬಿಟ್ಟುಬಿಡುವುದು. ಬೆಳಗಿನ ತಿಂಡಿಯನ್ನು ತ್ಯಜಿಸಿ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಎಲ್ಲ ತರಗತಿಗಳಲ್ಲಿಯೂ ಇದ್ದಾರೆ. ಹನ್ನೊಂದು ಗಂಟೆಯ ವೇಳೆಗೆ ಅವರ ಮನಸ್ಸು ಪಾಠದಲ್ಲಿ ನಿಲ್ಲುವುದಿಲ್ಲ. ಸಂಜೆ ಹಸಿವನ್ನು ತಾಳಲಾರದೆ ಒಂದು ಪೊಟ್ಟಣ ಚಿಪ್ಸನ್ನೋ ನಾಲ್ಕು ಬೋಂಡಾಗಳನ್ನೋ ತಿಂದು ಮನೆಗೆ ಹಿಂದಿರುಗುತ್ತಾರೆ. ತಿಂಗಳು ಕಳೆದ ಮೇಲೆ ನೋಡಿದರೆ ತೂಕ ಇದ್ದಷ್ಟೇ ಇರುತ್ತದೆ. ಹೀಗೇಕೆ ಆಗುತ್ತದೆ? ಹಸಿವಿನಿಂದ ಬಳಲದೆ, ತಟ್ಟೆಯ ತುಂಬ ಒಳ್ಳೆಯ ಆಹಾರವನ್ನು ಉಂಡು, ತೂಕವನ್ನು ಇಳಿಸುವುದು ಸಾಧ್ಯವೇ? ಈ ಪ್ರಶ್ನೆಗಳಿಗೆ ವೈದ್ಯಶಾಸ್ತ್ರ ಮಾತ್ರವಲ್ಲದೆ ಭೌತಶಾಸ್ತ್ರವೂ ಉತ್ತರ ಹೇಳಬಲ್ಲುದು. ಅದನ್ನು ನಾವೀಗ ಕ್ರಮವಾಗಿ ವಿಚಾರ ಮಾಡೋಣ.

ಶಾಖದ ಅಳತೆ

ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸಿನಷ್ಟು ಏರಿಸಲು ಬೇಕಾಗುವ ಶಾಖಕ್ಕೆ ಒಂದು ಕ್ಯಾಲೊರಿ ಎಂದು ಹೆಸರು. ಆಹಾರದ ವಿಷಯದಲ್ಲಿ ನಾವು ಹೇಳುವ ಕ್ಯಾಲೊರಿ ಇದರ ಸಾವಿರದಷ್ಟು ದೊಡ್ಡದು. ಅದು ನಿಜವಾಗಿ ಕಿಲೊಕ್ಯಾಲೊರಿ, ಎಂದರೆ ಸುಮಾರು 4,200 ಜೂಲುಗಳು. ಈ ಲೇಖನದಲ್ಲಿ ಕ್ಯಾಲೊರಿ ಎಂದಾಗಲೆಲ್ಲ ಈ ದೊಡ್ಡ ಮಾನವೇ ಎಂದು ವಾಚಕರು ತಿಳಿಯಬೇಕು.

ಒಬ್ಬ ವ್ಯಕ್ತಿ ದಿನಕ್ಕೆ 2,000 ಕ್ಯಾಲೊರಿಗಳನ್ನು ಖರ್ಚು ಮಾಡುತ್ತಾನೆಂದು ಇಟ್ಟುಕೊಳ್ಳೋಣ. ಅಷ್ಟು ಶಾಖದಿಂದ 20 ಡಿಗ್ರಿಯಲ್ಲಿರುವ 25 ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಇದನ್ನೇ ದಿನದ 86,400 ಸೆಕೆಂಡುಗಳಿಗೆ ಹಂಚಿದರೆ ಸುಮಾರು 97 ವಾಟ್ ಆಗುತ್ತದೆ. ಹಗಲೂ ರಾತ್ರಿಯೂ ಎಡೆಬಿಡದೆ ಉರಿಯುವ 100 ವಾಟಿನ ಒಂದು ದೀಪಕ್ಕೆ ಎಷ್ಟು ಶಕ್ತಿ ಬೇಕೋ ಮನುಷ್ಯದೇಹಕ್ಕೂ ಹೆಚ್ಚುಕಡಮೆ ಅಷ್ಟೇ ಬೇಕು. ಇದರ ಹೆಚ್ಚಿನ ಪಾಲು ನಾವು ಸುಮ್ಮನೆ ಮಲಗಿರುವಾಗಲೂ ಉಸಿರಾಟ, ಹೃದಯದ ಬಡಿತ, ಮಿದುಳಿನ ಕೆಲಸ, ಮೈಯ ಬಿಸಿ ಇವುಗಳಿಗಾಗಿ ವ್ಯಯವಾಗುವಂಥದು.

ಉಸಿರಾಟವೆಂಬುದು ಒಂದು ಬಗೆಯ ನಿಧಾನವಾದ ದಹನ ಎಂಬುದನ್ನು ಪ್ರಯೋಗದಿಂದ ತೋರಿಸಿದವರು ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್. 1782–83ರ ಚಳಿಗಾಲದಲ್ಲಿ ಅವರು ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿಟ್ಟು, ಅದರ ಮೈಯ ಶಾಖದಿಂದ ಎಷ್ಟು ಮಂಜು ಕರಗಿತೆಂಬುದನ್ನು ಅಳೆದರು. ಮುಂದೆ 1890ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞನೂ ರೋಸಾ ಎಂಬ ಭೌತಶಾಸ್ತ್ರಜ್ಞನೂ ಕೂಡಿ ಮನುಷ್ಯನೊಬ್ಬ ಹಲವು ದಿನ ವಾಸಿಸಬಹುದಾದ ಒಂದು ಕ್ಯಾಲೊರಿಮೀಟರನ್ನೇ ನಿರ್ಮಿಸಿದರು. ಒಳಗಿರುವವನು ತಿಂದ ಆಹಾರ, ವಿಸರ್ಜಿಸಿದ ಮಲಮೂತ್ರ, ಬಿಟ್ಟ ಉಸಿರು, ಹೊರಬಂದ ಶಾಖ ಎಲ್ಲಕ್ಕೂ ಲೆಕ್ಕವಿಡಲಾಯಿತು. ಒಳಹೊಕ್ಕ ಶಕ್ತಿಗೂ ಹೊರಬಂದ ಶಕ್ತಿಗೂ ಬಹುಮಟ್ಟಿಗೆ ಸರಿಹೋಯಿತು. ಶಕ್ತಿಯ ನಿತ್ಯತ್ವದ ನಿಯಮ ಉಗಿಯಂತ್ರಕ್ಕೆ ಹೇಗೋ ದೇಹಕ್ಕೂ ಹಾಗೆಯೇ ಅನ್ವಯಿಸುವುದೆಂದು ಇದರಿಂದ ಸ್ಪಷ್ಟವಾಯಿತು.

ಆಟ್‌ವಾಟರನ ಪರಿಶ್ರಮದಿಂದ ದೊರೆತ ಅಂಕಿಗಳನ್ನೇ ಇಂದಿಗೂ ನಾವು ಬಳಸುತ್ತೇವೆ. ಒಂದು ಗ್ರಾಂ ಶರ್ಕರಪಿಷ್ಟದಿಂದ 4, ಒಂದು ಗ್ರಾಂ ಪ್ರೋಟೀನಿನಿಂದ 4, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿಗಳು ದೇಹಕ್ಕೆ ಲಭಿಸುತ್ತವೆ. ನೀರಿನಿಂದ ಲಭಿಸುವುದು ಸೊನ್ನೆ. ನಾರಿನಿಂದ ಲಭಿಸುವುದು ಬಹಳ ಕಡಮೆ. ಈ ಕೊನೆಯ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ವಿಷಯದ ಮರ್ಮ ಅವುಗಳಲ್ಲಿಯೇ ಇದೆ.

ವ್ಯಾಯಾಮವೊಂದೇ ಸಾಲದೇಕೆ?

ಆದಾಯ ಎಷ್ಟಾದರೂ ಇರಲಿ, ವ್ಯಾಯಾಮದಿಂದ ವ್ಯಯವನ್ನು ಹೆಚ್ಚಿಸಿದರಾಯಿತು ಎಂದು ಕೆಲವರು ಹೇಳಬಹುದು. ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. 60 ಕಿಲೊಗ್ರಾಂ ತೂಕದ ಒಬ್ಬ ತರುಣನು ಮೈಸೂರಿನ ಚಾಮುಂಡಿ ಬೆಟ್ಟವನ್ನು ಮೆಟ್ಟಿಲುಗಳ ಮೂಲಕ ಹತ್ತುತ್ತಾನೆ. ಏರಿದ ಎತ್ತರ 300 ಮೀಟರು ಎಂದಿಟ್ಟುಕೊಂಡರೆ, ಗುರುತ್ವಾಕರ್ಷಣೆಗೆ ವಿರುದ್ಧವಾಗಿ ಅವನು ಮಾಡಿದ ಕೆಲಸ 60 × 9.8 × 300, ಎಂದರೆ 1,76,400 ಜೂಲುಗಳು. ಇದು ಕೇವಲ 42 ಕ್ಯಾಲೊರಿ! ಸ್ನಾಯುಗಳ ದಕ್ಷತೆ ನೂರಕ್ಕೆ ಸುಮಾರು 25 ಆದುದರಿಂದ ದೇಹಕ್ಕೆ ಇದರ ನಾಲ್ಕರಷ್ಟು, ಎಂದರೆ ಸುಮಾರು 170 ಕ್ಯಾಲೊರಿ, ಖರ್ಚಾಗುತ್ತದೆ. ಬೆಟ್ಟದ ಮೇಲೆ ಕುಳಿತು ಒಂದು ಹಿಡಿ, ಸುಮಾರು 30 ಗ್ರಾಂ, ಕಡಲೆಕಾಯಿಬೀಜವನ್ನು ತಿಂದರೆ ಅಷ್ಟೂ ಹಿಂದಿರುಗಿ ಬರುತ್ತದೆ.

ವ್ಯಾಯಾಮ ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಹೃದಯಕ್ಕೂ ಸ್ನಾಯುಗಳಿಗೂ ಅದು ಅತ್ಯಾವಶ್ಯಕ. ತೂಕ ಇಳಿಯುವಾಗ ಸ್ನಾಯುಗಳು ಕರಗದಂತೆ ಕಾಪಾಡುವುದೂ ಅದೇ. ಆದರೆ ತೂಕದ ಲೆಕ್ಕದಲ್ಲಿ ತಟ್ಟೆಯ ಪಾಲು ದೊಡ್ಡದೆಂಬುದನ್ನು ಮರೆಯಲಾಗದು.

ಹೊಟ್ಟೆಗೆ ತಿಳಿಯುವ ಅಳತೆ

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಜಠರವು ಒಂದು ಹಿಗ್ಗುವ ಚೀಲ. ಅದು ಎಷ್ಟು ಹಿಗ್ಗಿತೆಂಬುದನ್ನು ನರಗಳು ಮಿದುಳಿಗೆ ತಿಳಿಸುತ್ತವೆ. ಕರುಳಿಗೆ ಆಹಾರ ತಲಪಿದ ಮೇಲೆ ಹೊರಡುವ ರಾಸಾಯನಿಕ ಸೂಚನೆಗಳೂ ತೃಪ್ತಿಗೆ ಕಾರಣವೇ. ಆದರೆ ಅವು ಬರುವುದು ಸ್ವಲ್ಪ ತಡವಾಗಿ. ಊಟ ಮಾಡುತ್ತಿರುವ ಹೊತ್ತಿನಲ್ಲಿ ಹೊಟ್ಟೆಗೆ ಚೆನ್ನಾಗಿ ತಿಳಿಯುವುದು ಆಹಾರದ ಗಾತ್ರ. ಅದರಲ್ಲಿ ಅಡಗಿರುವ ಶಕ್ತಿಯ ಅರಿವು ಆಗ ಅಷ್ಟಾಗಿ ಆಗುವುದಿಲ್ಲ.

ಪದಾರ್ಥಗಳ ಸಾಂದ್ರತೆಯನ್ನು ಭೌತಶಾಸ್ತ್ರದಲ್ಲಿ ಓದಿದ್ದೇವೆ. ಅದರಂತೆಯೇ ಆಹಾರಕ್ಕೆ ಶಕ್ತಿಸಾಂದ್ರತೆ ಎಂಬ ಗುಣವನ್ನು ಹೇಳಬಹುದು: ಒಂದು ಗ್ರಾಂ ಆಹಾರದಲ್ಲಿ ಎಷ್ಟು ಕ್ಯಾಲೊರಿ ಇದೆ ಎಂಬುದೇ ಅದು. ಅಡುಗೆ ಎಣ್ಣೆಯ ಶಕ್ತಿಸಾಂದ್ರತೆ 9. ಆಲೂಗಡ್ಡೆ ಚಿಪ್ಸಿನದು ಸುಮಾರು 5.3; ಅನ್ನದ್ದು ಸುಮಾರು 1.3; ಕಲ್ಲಂಗಡಿಯದು ಸುಮಾರು 0.3, ಸೌತೆಕಾಯಿಯದು ಸುಮಾರು 0.15. ಹೀಗಿರುವುದರಿಂದ 500 ಕ್ಯಾಲೊರಿಗಳನ್ನು ಪಡೆಯಲು 55 ಗ್ರಾಂ ಎಣ್ಣೆ ಸಾಕು. ಚಿಪ್ಸಾದರೆ 95 ಗ್ರಾಂ, ಅನ್ನವಾದರೆ 385 ಗ್ರಾಂ ಬೇಕು. ಕಲ್ಲಂಗಡಿಯನ್ನು ಒಂದೂವರೆ ಕಿಲೊಗ್ರಾಮಿಗೂ ಮಿಗಿಲಾಗಿ, ಸೌತೆಕಾಯಿಯನ್ನು ಮೂರು ಕಿಲೊಗ್ರಾಮಿಗೂ ಮಿಗಿಲಾಗಿ ತಿನ್ನಬೇಕಾದೀತು! ಈ ವ್ಯತ್ಯಾಸಕ್ಕೆಲ್ಲ ಮುಖ್ಯ ಕಾರಣ ನೀರು, ನಾರು ಮತ್ತು ಜಿಡ್ಡುಗಳ ಪ್ರಮಾಣ. ನೀರು ಹೆಚ್ಚಿದಂತೆ ಸಾಂದ್ರತೆ ಇಳಿಯುತ್ತದೆ. ಜಿಡ್ಡು ಹೆಚ್ಚಿದಂತೆ ಏರುತ್ತದೆ.

ಹಾಗಾದರೆ ಊಟದ ಜೊತೆಗೆ ಒಂದು ಲೋಟ ನೀರನ್ನು ಹೆಚ್ಚಾಗಿ ಕುಡಿದರೆ ಸಾಲದೇ? ಈ ಸಂದೇಹವನ್ನು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ಪರೀಕ್ಷಿಸಿ 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅನ್ನ, ತರಕಾರಿ, ಕೋಳಿಮಾಂಸ ಸೇರಿಸಿ ಬೇಯಿಸಿದ ಭಕ್ಷ್ಯವನ್ನು ಮಧ್ಯಾಹ್ನದ ಊಟಕ್ಕೆ ಮುಂಚೆ ಒಂದು ದಿನ ಹಾಗೆಯೇ ಕೊಟ್ಟರು. ಇನ್ನೊಂದು ದಿನ ಅದರ ಜೊತೆಗೆ ಲೋಟದಲ್ಲಿ ನೀರನ್ನು ಕೊಟ್ಟರು. ಮತ್ತೊಂದು ದಿನ ಅಷ್ಟೇ ನೀರನ್ನು ಅದರೊಳಕ್ಕೇ ಬೆರೆಸಿ ಕುದಿಸಿ ಕೊಟ್ಟರು. ಈ ಮೂರನೆಯ ದಿನ ಮಾತ್ರ ಮುಂದಿನ ಊಟದಲ್ಲಿ ತಿಂದ ಪ್ರಮಾಣ ಕಡಮೆಯಾಯಿತು. ಲೋಟದಿಂದ ಕುಡಿದ ನೀರು ಹೊಟ್ಟೆಯಿಂದ ಬೇಗ ಹರಿದುಹೋಗುತ್ತದೆ. ಆಹಾರದೊಳಗೆ ಬೆರೆತ ನೀರು ಅದರೊಂದಿಗೇ ನಿಲ್ಲುತ್ತದೆ. ನಮ್ಮ ಸಾರು, ಹುಳಿ, ಅಂಬಲಿಗಳ ಗುಣ ಇಲ್ಲಿ ವಾಚಕರಿಗೆ ಹೊಳೆಯದಿರದು.

ಎರಡು ಊಟಗಳು

ಒಂದು ಉದಾಹರಣೆಯಿಂದ ಇದನ್ನು ಇನ್ನಷ್ಟು ವಿಶದಪಡಿಸೋಣ. ಅಂಕಿಗಳೆಲ್ಲ ಅಂದಾಜಿನವು.

ಮೊದಲನೆಯ ಊಟ: ಅನ್ನ 300 ಗ್ರಾಂ (390 ಕ್ಯಾಲೊರಿ), ತಿಳಿಸಾರು 150 ಗ್ರಾಂ (75), ಎಣ್ಣೆಯಲ್ಲಿ ಹುರಿದ ಆಲೂಗಡ್ಡೆಯ ಪಲ್ಯ 110 ಗ್ರಾಂ (170), ಕರಿದ ಹಪ್ಪಳ 20 ಗ್ರಾಂ (100), ತುಪ್ಪ 15 ಗ್ರಾಂ (130). ಒಟ್ಟು ತೂಕ 595 ಗ್ರಾಂ. ಒಟ್ಟು ಶಕ್ತಿ 865 ಕ್ಯಾಲೊರಿ.

ಎರಡನೆಯ ಊಟ: ಅನ್ನ 200 ಗ್ರಾಂ (260), ಸೊಪ್ಪು ಬೇಳೆ ಹಾಕಿದ ಹುಳಿ 250 ಗ್ರಾಂ (150), ಹೆಸರುಬೇಳೆ ಸೌತೆಕಾಯಿಯ ಕೋಸಂಬರಿ 100 ಗ್ರಾಂ (80), ಹುರುಳಿಕಾಯಿ ಪಲ್ಯ 105 ಗ್ರಾಂ (80), ತೆಳುವಾದ ಮಜ್ಜಿಗೆ 200 ಗ್ರಾಂ (30), ತುಪ್ಪ 5 ಗ್ರಾಂ (45). ಒಟ್ಟು ತೂಕ 860 ಗ್ರಾಂ. ಒಟ್ಟು ಶಕ್ತಿ 645 ಕ್ಯಾಲೊರಿ.

ಎರಡನೆಯ ಊಟದಲ್ಲಿ ತಟ್ಟೆಗೆ ಬಿದ್ದುದು 265 ಗ್ರಾಂ ಹೆಚ್ಚು. ದೇಹಕ್ಕೆ ಸೇರಿದುದು 220 ಕ್ಯಾಲೊರಿ ಕಡಮೆ. ಯಾವ ಪದಾರ್ಥವನ್ನೂ ನಿಷೇಧಿಸಿಲ್ಲ. ಅನ್ನವೂ ಇದೆ, ತುಪ್ಪವೂ ಇದೆ. ಬದಲಾದುದು ಪದಾರ್ಥಗಳ ಆಯ್ಕೆ ಮತ್ತು ಪ್ರಮಾಣ. ದೇಹದ ಒಂದು ಕಿಲೊಗ್ರಾಂ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕ್ಯಾಲೊರಿ ಸಂಗ್ರಹವಾಗಿರುತ್ತದೆ. ಮಿಕ್ಕ ಆಹಾರವೂ ಚಟುವಟಿಕೆಯೂ ಮೊದಲಿನಂತೆಯೇ ಇದ್ದರೆ, ದಿನಕ್ಕೆ 220ರಂತೆ 35 ದಿನಗಳಲ್ಲಿ ಇಷ್ಟು ಉಳಿತಾಯವಾಗುತ್ತದೆ.

ಇದಕ್ಕೆ ಪೋಷಕವಾದ ಒಂದು ಪ್ರಯೋಗವು 2019ರಲ್ಲಿ ಪ್ರಕಟವಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿ ವಯಸ್ಕರಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ, ಎರಡು ವಾರ ಸಹಜರೂಪದ ಆಹಾರವನ್ನೂ ಕೊಟ್ಟರು. ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲಿಯೂ ಸಮನಾಗಿದ್ದುವು. ಬೇಕಾದಷ್ಟು ತಿನ್ನಲು ಸ್ವಾತಂತ್ರ್ಯವಿತ್ತು. ಆದರೂ ಸಂಸ್ಕರಿಸಿದ ಆಹಾರವನ್ನು ಅವರು ದಿನಕ್ಕೆ ಸುಮಾರು 500 ಕ್ಯಾಲೊರಿಗಳಷ್ಟು ಹೆಚ್ಚಾಗಿ ತಿಂದರು. ಎರಡು ವಾರಗಳಲ್ಲಿ ಸರಾಸರಿ 0.9 ಕಿಲೊಗ್ರಾಂ ತೂಕ ಏರಿತು. ಸಹಜ ಆಹಾರದ ಎರಡು ವಾರಗಳಲ್ಲಿ ಅಷ್ಟೇ ಇಳಿಯಿತು. ಸಂಸ್ಕರಿಸಿದ ಘನ ಆಹಾರದ ಶಕ್ತಿಸಾಂದ್ರತೆ ಹೆಚ್ಚಾಗಿದ್ದುದೂ, ಅದನ್ನು ಅವರು ಬೇಗಬೇಗನೆ ತಿಂದುದೂ ಗಮನಾರ್ಹ.

ಲೆಕ್ಕದ ಮಿತಿಗಳು

ಕ್ಯಾಲೊರಿಯ ಲೆಕ್ಕವನ್ನು ಬ್ಯಾಂಕಿನ ಲೆಕ್ಕದಂತೆ ಕಟ್ಟುನಿಟ್ಟೆಂದು ಭಾವಿಸಬಾರದು. ಇಡಿಯ ಬಾದಾಮಿಯಿಂದ ದೇಹಕ್ಕೆ ನಿಜವಾಗಿ ಸೇರುವ ಶಕ್ತಿ, ಆಟ್‌ವಾಟರನ ಅಂಕಿಗಳಿಂದ ಬರುವುದಕ್ಕಿಂತ ಸಾಕಷ್ಟು ಕಡಮೆಯೆಂದು 2012ರ ಒಂದು ಅಧ್ಯಯನ ತೋರಿಸಿತು. ಅಗಿದರೂ ಒಡೆಯದ ಕೋಶಗಳೊಳಗಿನ ಕೊಬ್ಬು ಜೀರ್ಣವಾಗದೆ ಹೊರಹೋಗುತ್ತದೆ. ಮೊದಲ ವಾರದಲ್ಲಿ ಬೇಗ ಇಳಿಯುವ ತೂಕದಲ್ಲಿ ಬಹುಪಾಲು ನೀರು. ಅಲ್ಲದೆ ತೂಕ ಇಳಿದಂತೆ ದೇಹದ ವ್ಯಯವೂ ಇಳಿಯುತ್ತದೆ. ತಳದಲ್ಲಿ ರಂಧ್ರವಿರುವ ಕೊಳಗಕ್ಕೆ ನಲ್ಲಿಯಿಂದ ನೀರು ಬೀಳುತ್ತಿದೆಯೆಂದು ಭಾವಿಸಿ. ನಲ್ಲಿಯನ್ನು ಸ್ವಲ್ಪ ತಿರುಗಿಸಿ ಧಾರೆಯನ್ನು ಕಡಮೆಮಾಡಿದರೆ ನೀರಿನ ಮಟ್ಟ ಇಳಿಯತೊಡಗುತ್ತದೆ. ಮಟ್ಟ ಇಳಿದಂತೆ ರಂಧ್ರದ ಧಾರೆಯೂ ಕುಗ್ಗಿ, ಕೊನೆಗೆ ಹೊಸದೊಂದು ಮಟ್ಟದಲ್ಲಿ ನೀರು ನಿಲ್ಲುತ್ತದೆ. ದೇಹದ ತೂಕವೂ ಹೀಗೆಯೇ. ಕೆಲವು ತಿಂಗಳ ಮೇಲೆ ಇಳಿತ ನಿಧಾನವಾದರೆ ಅದು ಸೋಲಲ್ಲ, ಸಮತೋಲದ ನಿಯಮ.

ನಲ್ಲಿಯನ್ನು ಒಮ್ಮೆಲೇ ಬಹಳವಾಗಿ ತಿರುಗಿಸಿದರೆ ಏನಾಗುವುದು? 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ತರುಣ ಸ್ವಯಂಸೇವಕರಿಗೆ 24 ವಾರಗಳ ಕಾಲ ಅವರ ಅಗತ್ಯದ ಸುಮಾರು ಅರ್ಧದಷ್ಟು ಆಹಾರವನ್ನು ಕೊಟ್ಟು ಪರೀಕ್ಷಿಸಿದನು. ಅವರ ತೂಕ ಸುಮಾರು ಕಾಲುಭಾಗ ಇಳಿದುದು ನಿಜ. ಆದರೆ ಶಕ್ತಿ ಕುಂದಿತು, ಚಳಿ ತಾಳದಾಯಿತು, ಖಿನ್ನತೆ ಆವರಿಸಿತು, ಹಗಲಿರುಳೂ ಆಹಾರದ ಯೋಚನೆಯೊಂದೇ ಉಳಿಯಿತು. ಹಸಿವಿನೊಡನೆ ಹೋರಾಡುವವನಿಗೆ ಓದು ಎಲ್ಲಿಂದ ಹತ್ತೀತು?

ಆದುದರಿಂದ ತರುಣ ವಾಚಕರಲ್ಲಿ ನಮ್ಮದೊಂದು ಸೂಚನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿ ಅಧಿಕ ತೂಕದವರು. ಆದರೆ ನೂರಕ್ಕೆ ಸುಮಾರು 19 ಮಂದಿ ಇರಬೇಕಾದುದಕ್ಕಿಂತ ಕೃಶರು. ಕನ್ನಡಿಯ ಮಾತನ್ನೋ ಗೆಳೆಯರ ಹಾಸ್ಯವನ್ನೋ ನಂಬಿ ಊಟ ಬಿಡಬೇಡಿ. ನಿಮಗೆ ತೂಕ ಇಳಿಸುವ ಅಗತ್ಯವಿದೆಯೇ ಎಂಬುದನ್ನು ಮೊದಲು ವೈದ್ಯರಿಂದ ತಿಳಿಯಿರಿ. ಬೆಳೆಯುತ್ತಿರುವ ದೇಹಕ್ಕೆ ಬೇಳೆ, ಹಾಲು, ಸೊಪ್ಪುಗಳು ಎಂದಿಗೂ ಕಡಮೆಯಾಗಬಾರದು. ಇಳಿಸಬೇಕಾದುದು ಕರಿದ ತಿಂಡಿ, ಸಕ್ಕರೆಯ ಪಾನೀಯ ಮತ್ತು ಮಿತಿಮೀರಿದ ಜಿಡ್ಡು. ಏರಿಸಬೇಕಾದುದು ತರಕಾರಿ, ಹಣ್ಣು, ಕಾಳು, ಹುಳಿ, ಮಜ್ಜಿಗೆ.

ಅಭ್ಯಾಸ

1. ನಿಮ್ಮ ಮನೆಯಲ್ಲಿ ಒಂದು ತಿಂಗಳಿಗೆ ಎಷ್ಟು ಅಡುಗೆ ಎಣ್ಣೆ ಬೇಕಾಗುತ್ತದೆ ಎಂದು ವಿಚಾರಿಸಿ. ಅದನ್ನು ಗ್ರಾಮಿಗೆ ತಂದು, ಮನೆಮಂದಿಯ ಸಂಖ್ಯೆಯಿಂದಲೂ 30ರಿಂದಲೂ ಭಾಗಿಸಿ, 9ರಿಂದ ಗುಣಿಸಿರಿ. ಒಬ್ಬೊಬ್ಬರಿಗೆ ದಿನಕ್ಕೆ ಎಣ್ಣೆಯೊಂದರಿಂದಲೇ ಎಷ್ಟು ಕ್ಯಾಲೊರಿ ಬರುತ್ತದೆ?

2. ಮೇಲಿನ ಎರಡು ಊಟಗಳ ಶಕ್ತಿಸಾಂದ್ರತೆಯನ್ನು ಕಂಡುಹಿಡಿಯಿರಿ. (ಉತ್ತರ: ಸುಮಾರು 1.45 ಮತ್ತು 0.75.) ನಿಮ್ಮ ಮನೆಯ ನಿನ್ನೆಯ ಊಟ ಇವೆರಡರಲ್ಲಿ ಯಾವುದಕ್ಕೆ ಸಮೀಪವಾಗಿತ್ತು?