ಕಿರಿಯ ತರಗತಿಗಳಲ್ಲಿ ಆತ್ಮಗೌರವದ ಶಿಕ್ಷಣ

ಮಕ್ಕಳಿಗೆ ಅಕ್ಷರವನ್ನೂ ಲೆಕ್ಕವನ್ನೂ ಕಲಿಸುವ ಕ್ರಮವನ್ನು ತಿಳಿಸಲು ಉಪಾಧ್ಯಾಯರಿಗೆ ಬೇಕಾದಷ್ಟು ಪುಸ್ತಕಗಳುಂಟು. ಆದರೆ ಎಂಟು ವರ್ಷದ ಬಾಲಕಿಯು ತನ್ನನ್ನು ತಾನು ಹೀನಳೆಂದು ಭಾವಿಸದಂತೆಯೂ, ತನ್ನ ಜೊತೆಯವಳನ್ನು ಹೀನಳೆಂದು ಕಾಣದಂತೆಯೂ ಬೆಳೆಯಿಸುವುದು ಹೇಗೆಂಬ ಪ್ರಶ್ನೆಗೆ ನಮ್ಮ ವೇಳಾಪಟ್ಟಿಯಲ್ಲಿ ಪ್ರತ್ಯೇಕವಾದ ಗಂಟೆಯಿಲ್ಲ. ಆದಕಾರಣ ಈ ವಿಷಯದಲ್ಲಿ ನಾವು ಮಾಡಿದ ಒಂದು ತಪ್ಪನ್ನೂ, ಅದರಿಂದ ಕಲಿತು ಸಿದ್ಧಪಡಿಸಿಕೊಂಡ ಮೂರು ಪಾಠಗಳನ್ನೂ ವಾಚಕರ ಮುಂದಿಡಲು ಅಪೇಕ್ಷಿಸುತ್ತೇವೆ.

ನಮ್ಮ ಭದ್ರಾವತಿಯು ಹಿಂದೆ ಬೆಂಕಿಪುರವೆಂಬ ಸಣ್ಣ ಊರಾಗಿತ್ತು. 1923ರಲ್ಲಿ ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯು ಉರಿಯತೊಡಗಿದ ಮೇಲೆಯೂ, 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾದ ಮೇಲೆಯೂ, ಕೆಲಸವನ್ನರಸಿ ನಾನಾ ಸೀಮೆಗಳ ಜನರು ಬಂದು ಭದ್ರಾನದಿಯ ಎರಡು ದಡಗಳಲ್ಲಿಯೂ ನೆಲಸಿದರು. ಆ ಕಾರ್ಖಾನೆಗಳ ವೈಭವವು ಇಂದು ಮೊದಲಿನಂತಿಲ್ಲ. ಆದರೂ ಹಾಗೆ ಬಂದವರ ಮೊಮ್ಮಕ್ಕಳೂ ಮರಿಮಕ್ಕಳೂ ಇಲ್ಲಿಯೇ ಇದ್ದಾರೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು, ಮಲೆಯಾಳ, ಮರಾಠಿ, ಲಂಬಾಣಿ ಮಾತುಗಳನ್ನಾಡುವ ಮಕ್ಕಳು ಕನ್ನಡದ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತು ಕನ್ನಡವನ್ನು ಕಲಿಯುತ್ತಾರೆ. ಇಂಥ ಊರಿನಲ್ಲಿ ಕಿರಿಯರಿಗೆ ಪಾಠ ಹೇಳುವವರು ಬಹಳ ಎಚ್ಚರದಿಂದಿರಬೇಕು. ನಾವು ಎಚ್ಚರದಿಂದಿರಲಿಲ್ಲ.

ಹಲವು ವರ್ಷಗಳ ಹಿಂದೆ ಮೂರನೆಯ ತರಗತಿಯ ಒಬ್ಬ ಬಾಲಕಿಯು ಪಾಠವನ್ನು ಗಟ್ಟಿಯಾಗಿ ಓದುತ್ತ, ‘ಗಿಳಿ’ ಎಂದಿರುವಲ್ಲಿ ‘ಕಿಳಿ’ ಎಂದಳು. ತರಗತಿಯು ಘೊಳ್ಳೆಂದು ನಕ್ಕಿತು. ನಾವು ಆಕೆಯನ್ನು ತಿದ್ದಿದೆವು. ತಿದ್ದುವಾಗ ನಮ್ಮ ತುಟಿಯಂಚಿನಲ್ಲಿಯೂ ನಗೆಯು ಮೂಡಿತ್ತು. ಮಕ್ಕಳು ನಮ್ಮ ಮಾತನ್ನು ಮರೆತರು, ನಗೆಯನ್ನು ಮರೆಯಲಿಲ್ಲ. ಮಧ್ಯಾಹ್ನದ ಬಿಡುವಿನೊಳಗೆ ‘ಕಿಳಿ’ ಎಂಬುದೇ ಆಕೆಯ ಅಡ್ಡಹೆಸರಾಗಿ ನಿಂತಿತು. ವಾರ ಕಳೆಯುವಷ್ಟರಲ್ಲಿ, ಓದಲು ಎಬ್ಬಿಸಿದರೆ ಪುಸ್ತಕವನ್ನು ಎದೆಗೊತ್ತಿಕೊಂಡು ಸುಮ್ಮನೆ ನಿಲ್ಲತೊಡಗಿದಳು. ಬಳಿಕ ಹೊಟ್ಟೆನೋವೆಂದು ಶಾಲೆಗೆ ಬರುವುದನ್ನೇ ಬಿಟ್ಟಳು. ಕಾರಣವನ್ನರಿಯಲು ನಾವು ಮನೆಗೆ ಹೋದಾಗ, ಆಕೆಯ ತಾಯಿಯು ಕಂಕುಳ ಕೂಸಿಗೆ ಮರದ ಮೇಲಣ ಹಕ್ಕಿಯನ್ನು ತೋರಿಸಿ ‘ಕಿಳಿ, ಕಿಳಿ’ ಎನ್ನುತ್ತಿದ್ದಳು. ತಮಿಳಿನಲ್ಲಿ ಆ ಹಕ್ಕಿಯ ಹೆಸರೇ ಅದು. ತಾಯಿ ಕಲಿಸಿದ ಮಾತು ಬಾಲಕಿಯ ಬಾಯಿಗೆ ಬಂದಿತ್ತು. ನಾವು ಅದಕ್ಕಾಗಿ ನಕ್ಕಿದ್ದೆವು. ಮರುದಿನ ಮಕ್ಕಳೆಲ್ಲರ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆಕೆಯು ಶಾಲೆಗೆ ಮರಳಿದಳು. ಆದರೆ ಆ ವರ್ಷವು ಮುಗಿಯುವ ತನಕ ಮತ್ತೆ ಗಟ್ಟಿಯಾಗಿ ಓದಲಿಲ್ಲ.

ಈ ಸಂಗತಿಯನ್ನು ಪರ್ಯಾಲೋಚಿಸಿದಾಗ ನಮಗೆ ಎರಡು ವಿಷಯಗಳು ಸ್ಪಷ್ಟವಾದುವು. ಮೊದಲನೆಯದು, ವಿನೋದಕ್ಕೂ ಪೀಡನೆಗೂ ಇರುವ ಭೇದ. ಇಬ್ಬರೂ ನಕ್ಕರೆ ಅದು ವಿನೋದ. ಒಬ್ಬಳು ಅಳುಕುತ್ತಿರಲು, ಬಲವುಳ್ಳವರು ಅದನ್ನೇ ದಿನದಿನವೂ ಮಾಡುತ್ತಿದ್ದರೆ ಅದು ಪೀಡನೆ. ಅದಕ್ಕೆ ಹುಡುಗಾಟವೆಂಬ ಹೆಸರು ಸಲ್ಲದು. ಎರಡನೆಯದು, ಪೀಡನೆಯಲ್ಲಿ ಪೀಡಿಸುವವಳೂ ಪೀಡೆಗೊಳಗಾದವಳೂ ಅಲ್ಲದೆ ಮೂರನೆಯ ಪಕ್ಷವೊಂದುಂಟು. ಅದು ನೋಡುತ್ತ ನಗುವವರ ಗುಂಪು. ಆ ಗುಂಪಿನ ನಗೆಯೇ ಪೀಡಿಸುವವಳಿಗೆ ದೊರೆಯುವ ಬಹುಮಾನ. ಆದುದರಿಂದ ಪಾಠವು ಮುಖ್ಯವಾಗಿ ಈ ಗುಂಪಿಗೆ ಬೇಕು.

ಮೊದಲನೆಯ ಪಾಠ: ನನ್ನ ಹೆಸರು

ಮಕ್ಕಳು ವೃತ್ತಾಕಾರವಾಗಿ ಕುಳಿತುಕೊಳ್ಳಲಿ. ಪ್ರತಿಯೊಬ್ಬಳೂ ತನ್ನ ಹೆಸರನ್ನೂ, ಅದನ್ನು ಇಟ್ಟವರು ಯಾರೆಂಬುದನ್ನೂ, ತಾನು ಚೆನ್ನಾಗಿ ಮಾಡಬಲ್ಲ ಒಂದು ಕೆಲಸವನ್ನೂ ಹೇಳಲಿ. ಒಬ್ಬಳು ರಂಗವಲ್ಲಿ ಹಾಕಬಲ್ಲಳು. ಒಬ್ಬಳು ಅಳುವ ತಮ್ಮನನ್ನು ಮಲಗಿಸಬಲ್ಲಳು. ಕಾಲು ಊನವಾದವಳು ಎಲ್ಲರಿಗಿಂತ ಮೊದಲು ಮಗ್ಗಿ ಒಪ್ಪಿಸಬಲ್ಲಳು. ಉಪಾಧ್ಯಾಯಿನಿಯು ಆ ಕೆಲಸವನ್ನು ಹೆಸರಿಸಿ ಮೆಚ್ಚಬೇಕೇ ಹೊರತು, ‘ನೀನು ಎಲ್ಲರಿಗಿಂತ ಜಾಣೆ’ ಎನ್ನಬಾರದು. ಇನ್ನೊಬ್ಬರನ್ನು ಕೆಳಗಿಟ್ಟು ದೊರೆಯುವ ಹೆಮ್ಮೆಯು ಅಹಂಕಾರ. ತನ್ನ ಕೈಯ ಕೆಲಸವನ್ನು ತಾನು ಬಲ್ಲೆನೆಂಬ ನೆಮ್ಮದಿಯು ಆತ್ಮಗೌರವ. ಪಾಠದ ಕೊನೆಯಲ್ಲಿ ಒಂದು ನಿಯಮವನ್ನು ಮಕ್ಕಳಿಂದಲೇ ಹೇಳಿಸಬೇಕು: ಯಾರನ್ನೇ ಆಗಲಿ ಅವರು ಒಪ್ಪಿದ ಹೆಸರಿನಿಂದಲೇ ಕರೆಯತಕ್ಕದ್ದು.

ಎರಡನೆಯ ಪಾಠ: ಒಂದು ಹಕ್ಕಿ, ಹಲವು ಹೆಸರು

ಕರಿಯ ಹಲಗೆಯ ಮೇಲೆ ಗಿಳಿಯ ಚಿತ್ರವನ್ನು ಬರೆದು, ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುವಿರೆಂದು ಕೇಳಬೇಕು. ಕನ್ನಡದ ಮಕ್ಕಳು ಗಿಳಿಯೆಂದೂ ಗಿಣಿಯೆಂದೂ ಹೇಳುವರು. ತಮಿಳಿನವರು ಕಿಳಿ, ತೆಲುಗಿನವರು ಚಿಲುಕ, ಉರ್ದುವಿನವರು ತೋತಾ, ಮರಾಠಿಯವರು ಪೋಪಟ ಎನ್ನುವರು. ಎಲ್ಲವನ್ನೂ ಹಲಗೆಯ ಮೇಲೆ ಸಮನಾದ ಅಕ್ಷರಗಳಲ್ಲಿ ಬರೆಯಬೇಕು. ಬಳಿಕ, ಕನ್ನಡದಲ್ಲಿ ಓದುವಾಗ ‘ಗಿಳಿ’ ಎಂದು ಎಲ್ಲರಿಂದಲೂ ಒಟ್ಟಾಗಿ ಹೇಳಿಸಬೇಕು. ಉಚ್ಚಾರವನ್ನು ತಿದ್ದದೆ ಬಿಡುವುದು ದಯೆಯಲ್ಲ. ಮಗುವಿಗೆ ಕನ್ನಡವು ಶುದ್ಧವಾಗಿ ಬರಲೇಬೇಕು. ಆದರೆ ಒಬ್ಬಳನ್ನೇ ನಿಲ್ಲಿಸಿ, ಉಳಿದವರು ನಗುತ್ತಿರುವಾಗ ತಿದ್ದಬಾರದು.

ಇದಕ್ಕೆ ನಮ್ಮ ಸೀಮೆಯ ನದಿಗಳನ್ನೇ ಉದಾಹರಣೆಯಾಗಿ ಕೊಡಬಹುದು. ಶಿವಮೊಗ್ಗೆಯ ಮೂಲಕ ತುಂಗೆಯೂ, ನಮ್ಮ ಊರಿನ ಮೂಲಕ ಭದ್ರೆಯೂ ಹರಿದು ಕೂಡಲಿಯಲ್ಲಿ ಸೇರುತ್ತವೆ. ಅಲ್ಲಿಂದ ಮುಂದೆ ನೀರು ಒಂದೇ. ಹೆಸರು ಮಾತ್ರ ತುಂಗಭದ್ರೆ. ಕೂಡಿ ಬಾಳುವುದಕ್ಕಾಗಿ ಎರಡರಲ್ಲಿ ಯಾವುದೂ ತನ್ನ ಹೆಸರನ್ನು ಬಿಡಬೇಕಾಗಲಿಲ್ಲವೆಂಬುದನ್ನು ಮಕ್ಕಳು ಭೂಪಟದಲ್ಲಿ ಕೈಯಿಟ್ಟು ಕಾಣಲಿ.

ಮೂರನೆಯ ಪಾಠ: ನೋಡುವವರ ಕರ್ತವ್ಯ

ಡಾಕ್ಟರ್ ಅಂಬೇಡ್ಕರರು ಬಾಲ್ಯದಲ್ಲಿ ಸಾತಾರೆಯಲ್ಲಿ ಓದುತ್ತಿದ್ದಾಗ ಅನುಭವಿಸಿದುದನ್ನು ಸರಳವಾಗಿ ಹೇಳಬೇಕು. ಅವರು ಎಲ್ಲರ ನಡುವೆ ಕೂಡುವಂತಿರಲಿಲ್ಲ. ಮೂಲೆಯಲ್ಲಿ ಹಾಸಿಕೊಳ್ಳಲು ಒಂದು ಗೋಣಿತಟ್ಟನ್ನು ಮನೆಯಿಂದ ತಂದು, ಸಂಜೆ ಹಿಂದಕ್ಕೆ ಒಯ್ಯಬೇಕಾಗಿತ್ತು; ಶಾಲೆಯ ಆಳು ಸಹ ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಕೊಳಾಯಿಯನ್ನು ತಾವಾಗಿ ತಿರುಗಿಸುವಂತಿರಲಿಲ್ಲ. ಜವಾನನು ಬಂದು ತಿರುಗಿಸಿದರೆ ನೀರು, ಬಾರದಿದ್ದರೆ ಇಲ್ಲ. ಆ ಬಾಲಕನೇ ಮುಂದೆ ಭಾರತದ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾದರು. 1950ರಲ್ಲಿ ಜಾರಿಗೆ ಬಂದ ಆ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿತು.

ಇಲ್ಲಿಗೆ ಕಥೆಯನ್ನು ಮುಗಿಸಬಾರದು. ‘ಆ ಕೊಠಡಿಯಲ್ಲಿ ನೀನು ಕುಳಿತಿದ್ದರೆ ಏನು ಮಾಡುತ್ತಿದ್ದೆ?’ ಎಂದು ಪ್ರತಿಯೊಬ್ಬಳನ್ನೂ ಕೇಳಬೇಕು. ಚಿಕ್ಕ ಮಕ್ಕಳಿಂದ ಆಗದ ಸಾಹಸವನ್ನು ಬಯಸಬೇಕಾಗಿಲ್ಲ. ಮೂರು ಕಾರ್ಯಗಳು ಸಾಕು: ಇತರರು ನಕ್ಕಾಗ ನಗದಿರುವುದು, ಒಂಟಿಯಾದವಳ ಪಕ್ಕಕ್ಕೆ ಹೋಗಿ ಕೂಡುವುದು, ಹಿರಿಯರಿಗೆ ತಿಳಿಸುವುದು. ಒಬ್ಬಳನ್ನು ಕಷ್ಟಕ್ಕೆ ಸಿಕ್ಕಿಸಲು ಹೇಳುವುದು ಚಾಡಿ, ಕಷ್ಟದಿಂದ ಬಿಡಿಸಲು ಹೇಳುವುದು ಸಹಾಯ ಎಂಬ ಭೇದವನ್ನು ಇಲ್ಲಿಯೇ ತಿಳಿಸಬೇಕು. ಫಿನ್ಲೆಂಡ್ ದೇಶದ ತುರ್ಕು ವಿಶ್ವವಿದ್ಯಾನಿಲಯದಲ್ಲಿ ರೂಪಿಸಲ್ಪಟ್ಟು, 2009ರಿಂದ ಆ ದೇಶದ ಶಾಲೆಗಳಲ್ಲಿ ವ್ಯಾಪಿಸಿದ ‘ಕಿವಾ’ ಎಂಬ ಶಿಕ್ಷಣಕ್ರಮವು ಇದೇ ತತ್ತ್ವವನ್ನು, ಅಂದರೆ ನೋಡುವವರನ್ನು ತಿದ್ದುವುದನ್ನು, ಆಧಾರವಾಗಿ ಉಳ್ಳದ್ದು.

ಪೀಡಿಸಿದವಳನ್ನು ಏನು ಮಾಡಬೇಕೆಂದು ಕೆಲವರು ಕೇಳಬಹುದು. ಆಕೆಯನ್ನು ಎಲ್ಲರ ಮುಂದೆ ಹೀಯಾಳಿಸಿದರೆ, ಬಲವುಳ್ಳವರು ಹೀಯಾಳಿಸಬಹುದೆಂಬ ಪಾಠವನ್ನೇ ನಾವು ಮತ್ತೊಮ್ಮೆ ಕಲಿಸಿದಂತಾಗುವುದು. ಪ್ರತ್ಯೇಕವಾಗಿ ಕರೆದು, ಮಾಡಿದುದನ್ನು ಆಕೆಯ ಬಾಯಿಂದಲೇ ಹೇಳಿಸಿ, ಸರಿಪಡಿಸುವ ಒಂದು ಕೆಲಸವನ್ನು ವಹಿಸಬೇಕು. ಉಪಾಧ್ಯಾಯರಾದ ನಾವೂ ಕಟ್ಟಳೆಗೆ ಒಳಪಟ್ಟವರೇ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಯಲ್ಲಿಯೂ ಶಾಲೆಯಲ್ಲಿಯೂ ಹೇಳಿಕೊಳ್ಳಲು ಯಾರೂ ಇಲ್ಲವೆನಿಸಿದ ಮಗುವು 1098 ಎಂಬ ಸಹಾಯವಾಣಿಗೆ ಕರೆಮಾಡಬಹುದೆಂಬುದನ್ನು ಗೋಡೆಯ ಮೇಲೆ ಮಕ್ಕಳ ಕಣ್ಣೆತ್ತರದಲ್ಲಿ ಬರೆದಿಡುವುದು ಒಳ್ಳೆಯದು.

ತಾಯಿತಂದೆಗಳಲ್ಲಿಯೂ ನಮ್ಮದೊಂದು ಬಿನ್ನಹವುಂಟು. ಮಕ್ಕಳ ಬಾಯಿಯ ಅಡ್ಡಹೆಸರುಗಳಲ್ಲಿ ಬಹುಪಾಲು ಮನೆಯ ಪಡಸಾಲೆಯಲ್ಲಿಯೇ ಹುಟ್ಟುತ್ತವೆ. ನೆರೆಯವರ ಬಣ್ಣ, ಮಾತು, ಜಾತಿ, ಕಸಬುಗಳನ್ನು ಕುರಿತು ಹಿರಿಯರು ಆಡಿದ ಮಾತು ಮರುದಿನ ಶಾಲೆಯ ಅಂಗಳದಲ್ಲಿ ಕೇಳಿಬರುತ್ತದೆ.

ಇಂದಿಗೂ ಆ ಗಿಳಿಯ ಪಾಠವು ಬಂದಾಗ ನಾವು ಪುಸ್ತಕದಿಂದ ತಲೆಯೆತ್ತಿ ಮೊದಲು ಮಕ್ಕಳ ಮುಖಗಳನ್ನು ನೋಡುತ್ತೇವೆ. ತಪ್ಪನ್ನು ತಿದ್ದುವ ಅಧಿಕಾರವು ನಮಗೆ ಕೊಡಲ್ಪಟ್ಟಿದೆ. ಅದನ್ನು ನಗೆಯಿಲ್ಲದೆ ನಡೆಸುವುದನ್ನು ಕಲಿಯೋಣ.